ಎರಡೂವರೆ ಸೂತಿನ ಸ್ಟಡ್ಡು: ಹಳೆಯ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಸರಿಯಾದ ಸಾಮಾನು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೆಯ ವಾಡೆಗಳ ಹಿತ್ತಿಲಲ್ಲಿ, ಕಬ್ಬಿನ ತೋಟದ ಮನೆಗಳ ತಗಡಿನ ಶೆಡ್ಡುಗಳಲ್ಲಿ ಇನ್ನೂ ಹಳೆಯ ಗಾಡಿಗಳಿವೆ. ಹೆಚ್ಚಿನವು ಅಂಬಾಸಡರ್, ಕೆಲವು ಪ್ರೀಮಿಯರ್ ಪದ್ಮಿನಿ, ಅಲ್ಲೊಂದು ಇಲ್ಲೊಂದು ಮಹೀಂದ್ರದ ಪೆಟ್ರೋಲ್ ಜೀಪು. ನಿಂತುಹೋದ ಗಾಡಿಯನ್ನು ಮತ್ತೆ ರಸ್ತೆಗಿಳಿಸಿದವರ ಬಾಯಲ್ಲಿ ಮೊದಲು ಬರುವ ದೂರು ಸಾಮಾನ್ಯವಾಗಿ ಇದು: ಸಂಕೇಶ್ವರದ ಹೈವೇ ಹತ್ತಿದರೆ ಚೆನ್ನಾಗಿ ಓಡುತ್ತದೆ, ಪೇಟೆಯೊಳಗೆ ಬಂದು ರೇಸು ಬಿಟ್ಟರೆ ಸ್ಲೋದಲ್ಲಿ ನಿಲ್ಲುವುದಿಲ್ಲ. ಅಷ್ಟರಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದಾಗಿರುತ್ತದೆ, ಜೆಟ್ಟು ಬದಲಾಗಿರುತ್ತದೆ, ಪ್ಲಗ್ಗು, ಪಾಯಿಂಟು, ಕಂಡೆನ್ಸರ್ ಎಲ್ಲ ಹೊಸದಾಗಿರುತ್ತವೆ. ರೋಗ ಇರುವುದು ಕಾರ್ಬೊರೇಟರಿನ ಕೆಳಗೆ, ಅದನ್ನು ಎಂಜಿನ್ ಹೆಡ್ಡಿಗೆ ಜೋಡಿಸುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ. ಅಲ್ಲಿ ಎಲ್ಲೋ ಒಂದು ಕಡೆ ಗಾಳಿ ಎಳೆಯುತ್ತಿರುತ್ತದೆ.

ಹೈವೇಯಲ್ಲಿ ಕಾಣದ ರೋಗ ಪೇಟೆಯಲ್ಲಿ ಕಾಣಿಸುವುದಕ್ಕೆ ಕಾರಣವಿದೆ. ಎಂಜಿನ್ ಸ್ಲೋದಲ್ಲಿರುವಾಗ ಕಾರ್ಬೊರೇಟರಿನ ಥ್ರಾಟಲ್ ತಟ್ಟೆ ಬಹುಮಟ್ಟಿಗೆ ಮುಚ್ಚಿರುತ್ತದೆ. ಪಿಸ್ಟನ್ನುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹೀಗಾಗಿ ಮ್ಯಾನಿಫೋಲ್ಡಿನ ಒಳಗೆ ಒತ್ತಡ ತೀರ ಇಳಿದು ನಿರ್ವಾತ ಉಂಟಾಗುತ್ತದೆ, ಮೆಕ್ಯಾನಿಕರು ಅದನ್ನು ವ್ಯಾಕ್ಯೂಮ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಎಂಜಿನ್ನಿಗೆ ಬೇಕಾದ ಗಾಳಿಯೇ ಅಷ್ಟಿಷ್ಟು. ಪ್ಯಾಕಿಂಗಿನ ಒಂದು ಸಣ್ಣ ಸೀಳಿನಿಂದ ನುಗ್ಗುವ ಗಾಳಿ ಆಗ ದೊಡ್ಡ ಪಾಲಾಗಿಬಿಡುತ್ತದೆ. ಪೆಟ್ರೋಲ್ ಅಷ್ಟೇ, ಗಾಳಿ ಹೆಚ್ಚು. ಮಿಶ್ರಣ ತೆಳುವಾಗಿ ಮಿಸ್ಸಿಂಗ್ ಶುರುವಾಗುತ್ತದೆ, ಕಾರ್ಬೊರೇಟರಿನಿಂದ ಫಟ್ ಫಟ್ ಎಂದು ಹಿಮ್ಮುಖವಾಗಿ ಸಿಡಿಯುತ್ತದೆ, ಎಂಜಿನ್ ಆರಿಹೋಗುತ್ತದೆ. ಥ್ರಾಟಲ್ ತೆರೆದು ಓಡುವಾಗ ಒಳಗೆ ಹೋಗುವ ಗಾಳಿ ಹಲವು ಪಟ್ಟು ಹೆಚ್ಚು, ಒಳಗಿನ ಎಳೆತವೂ ಕಡಿಮೆ. ಸೀಳು ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ವ್ಯಾಕ್ಯೂಮ್ ಗೇಜ್ ಇದ್ದವರಿಗೆ ಒಂದು ಮಾತು. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಸ್ಲೋದಲ್ಲಿ ಪಾದರಸದ 17ರಿಂದ 21 ಇಂಚು ತೋರಿಸಬೇಕು ಎಂದು ಪುಸ್ತಕಗಳಲ್ಲಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಗೋಕಾಕ, ಮೂಡಲಗಿಗಳು ಸಮುದ್ರಮಟ್ಟದಿಂದ 500 ಮೀಟರಿಗಿಂತ ಮೇಲಿವೆ, ಬೆಳಗಾವಿ 750 ಮೀಟರಿನ ಸುಮಾರಿಗಿದೆ. ಹೀಗಾಗಿ ಗೋಕಾಕದಲ್ಲಿ ಒಂದೂವರೆಯಿಂದ ಎರಡು ಇಂಚು, ಬೆಳಗಾವಿಯಲ್ಲಿ ಎರಡೂವರೆ ಇಂಚು ಕಡಿಮೆ ಬಂದರೆ ಎಂಜಿನ್ನಿನ ತಪ್ಪಲ್ಲ. ಮುಳ್ಳು ಅಲುಗದೆ 16ರಲ್ಲಿ ನಿಂತಿದ್ದರೆ ಇಲ್ಲಿ ಅದು ಒಳ್ಳೆಯ ಎಂಜಿನ್ನೇ. ಅದಕ್ಕಿಂತ ನಾಲ್ಕೈದು ಇಂಚು ಕೆಳಗೆ ಸ್ಥಿರವಾಗಿ ನಿಂತಿದ್ದರೆ ಸೋರಿಕೆಯನ್ನು ಹುಡುಕಬೇಕು. ಇಗ್ನಿಷನ್ ಟೈಮಿಂಗ್ ತೀರ ಹಿಂದಿದ್ದರೂ ಮುಳ್ಳು ಹೀಗೆಯೇ ಇಳಿಯುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ.

ಸೋರಿಕೆ ಎಂದು ಗೊತ್ತಾದ ಮೇಲೆ ಬರುವುದು ಸಾಮಾನು ತರುವ ಪ್ರಶ್ನೆ, ನಾನು ಈ ಲೇಖನ ಬರೆಯಲು ಕೂತದ್ದೂ ಅದಕ್ಕಾಗಿಯೇ. ಅಂಗಡಿಗೆ ಹೋಗಿ ‘ಅಂಬಾಸಡರ್ ಮ್ಯಾನಿಫೋಲ್ಡ್ ಸ್ಟಡ್ ಕೊಡ್ರಿ’ ಎಂದು ಕೇಳಿದರೆ ಆ ಹೆಸರಿನ ಯಾವುದೋ ಒಂದು ಸಾಮಾನು ಸಿಗುತ್ತದೆ, ನಿಮ್ಮ ಎಂಜಿನ್ನಿಗೆ ಕೂರುವಂಥದ್ದು ಸಿಗುತ್ತದೆ ಎಂದು ಹೇಳಲಾಗದು. ಗಾಡಿಯ ಹೆಸರಿನ ಮೇಲೆ ಸಾಮಾನು ತರಬೇಡಿ. ಎಂಜಿನ್ ಯಾವುದು, ಥ್ರೆಡ್ ಯಾವುದು, ಫ್ಲ್ಯಾಂಜಿನ ದಪ್ಪ ಎಷ್ಟು, ಈ ಮೂರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಅಂಬಾಸಡರ್ ಒಂದನ್ನೇ ನೋಡಿ. 1957ರಲ್ಲಿ ಉತ್ತರಪಾಡಾದ ಕಾರ್ಖಾನೆಯಿಂದ ಬರತೊಡಗಿದಾಗ ಅದರಲ್ಲಿದ್ದದ್ದು ಸೈಡ್ ವಾಲ್ವ್ ಎಂಜಿನ್. ಸ್ವಲ್ಪದರಲ್ಲೇ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಿನ್ಯಾಸದ 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ಬಹಳ ಜನ ನೆನಪಿಟ್ಟುಕೊಂಡಿರುವ ಅಂಬಾಸಡರ್ ಇದೇ. ಆಮೇಲೆ ಡೀಸೆಲ್ ಬಂತು, 1990ರ ದಶಕದಲ್ಲಿ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. 2014ರಲ್ಲಿ ತಯಾರಿಕೆ ನಿಲ್ಲುವವರೆಗೆ ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಬಾನೆಟ್ಟಿನ ಕೆಳಗೆ ಮಾತ್ರ ಬೇರೆ ಬೇರೆ ಎಂಜಿನ್ನುಗಳು, ಒಂದರ ಮ್ಯಾನಿಫೋಲ್ಡ್ ಇನ್ನೊಂದಕ್ಕೆ ಕೂರದು. ಅದರ ಮೇಲೆ ನಮ್ಮ ಕಡೆ ಪೆಟ್ರೋಲ್ ದುಬಾರಿಯಾದಾಗ ಬಹಳ ಗಾಡಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಹಾಗೆ ಎಂಜಿನ್ ಬದಲಿಸಿದ್ದನ್ನು ಆರ್.ಸಿ.ಯಲ್ಲಿ ನಮೂದಿಸಿರಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿಯಮ. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ನಂಬರನ್ನು ಆರ್.ಸಿ.ಯ ಜೊತೆ ತಾಳೆ ನೋಡಲೇಬೇಕು.

ಜೀಪಿನ ಸಂಗತಿ ಇನ್ನೂ ಬೇರೆ. ಮಹೀಂದ್ರದ ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಸಾಮಾನ್ಯವಾಗಿ ಇರುವುದು ವಿಲ್ಲಿಸ್ ಹರಿಕೇನ್ ಎಂಜಿನ್, ಸುಮಾರು 2.2 ಲೀಟರಿನದು. ಇದರ ಇನ್‌ಟೇಕ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿ. ಇನ್‌ಟೇಕ್ ದಾರಿಯನ್ನು ಹೆಡ್ಡಿನ ಜೊತೆಗೇ ಎರಕ ಹೊಯ್ದಿರುವುದರಿಂದ ಬೇರೆಯಾಗಿ ಬಿಚ್ಚುವ ಇನ್‌ಟೇಕ್ ಮ್ಯಾನಿಫೋಲ್ಡೇ ಇಲ್ಲ. ಕಾರ್ಬೊರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುತ್ತದೆ. ‘ಹರಿಕೇನ್ ಜೀಪಿನ ಇನ್‌ಟೇಕ್ ಮ್ಯಾನಿಫೋಲ್ಡ್’ ಎಂದು ಯಾರಾದರೂ ಮಾರಲು ಬಂದರೆ ಅದು ಅದಕ್ಕೂ ಹಿಂದಿನ ಫ್ಲ್ಯಾಟ್‌ಹೆಡ್ ಎಂಜಿನ್ನಿನದಿರುತ್ತದೆ. ಹರಿಕೇನ್‌ನಲ್ಲಿ ಗಾಳಿ ಎಳೆಯುವ ಜಾಗಗಳು ಕೆಲವೇ: ಕಾರ್ಬೊರೇಟರ್ ಬುಡದ ಪ್ಯಾಕಿಂಗ್, ವ್ಯಾಕ್ಯೂಮ್ ಪೈಪು ಸೇರುವ ಹಿತ್ತಾಳೆ ಫಿಟ್ಟಿಂಗ್, ಸವೆದ ಥ್ರಾಟಲ್ ಶಾಫ್ಟು. ಹಳೆಯ ಜೀಪುಗಳ ವೈಪರ್ ವ್ಯಾಕ್ಯೂಮಿನಿಂದಲೇ ತಿರುಗುತ್ತಿತ್ತು. ವೈಪರ್ ಕೆಟ್ಟಮೇಲೆ ಪೈಪನ್ನು ಕತ್ತರಿಸಿ ಹಾಗೆಯೇ ಬಿಟ್ಟಿದ್ದರೆ ಆ ತೆರೆದ ಬಾಯಿಯಿಂದಲೇ ಎಂಜಿನ್ ಗಾಳಿ ಕುಡಿಯುತ್ತಿರುತ್ತದೆ.

ಪದ್ಮಿನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಫಿಯೆಟ್‌ನ 1089 ಸಿಸಿ ಎಂಜಿನ್, ಇಟಲಿಯ ಮೂಲದ್ದು, ಎಲ್ಲವೂ ಮಿಲಿಮೀಟರ್ ಲೆಕ್ಕ. ಮೆಟ್ರಿಕ್ ನಟ್ಟು ಬೋಲ್ಟು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ.

ಕಷ್ಟ ಕೊಡುವುದು ಅಂಬಾಸಡರಿನ ಬಿ-ಸೀರೀಸ್. ಅದರ ಹೆಡ್ಡಿನ ಒಂದೇ ಮಗ್ಗುಲಲ್ಲಿ ಇನ್‌ಟೇಕೂ ಎಕ್ಸಾಸ್ಟೂ ಇವೆ. ನಾಲ್ಕು ಸಿಲಿಂಡರಿಗೆ ಗಾಳಿ ಹೋಗುವ ಬಾಯಿ ಎರಡೇ: ಒಂದು ಬಾಯಿ 1 ಮತ್ತು 2ನೇ ಸಿಲಿಂಡರಿಗೆ, ಇನ್ನೊಂದು 3 ಮತ್ತು 4ಕ್ಕೆ. ಎಕ್ಸಾಸ್ಟಿಗೆ ಮೂರು ಬಾಯಿ, ನಡುವಿನದು 2 ಮತ್ತು 3ಕ್ಕೆ ಸೇರಿದ್ದು. ಇದು ಗೊತ್ತಿದ್ದರೆ ರೋಗ ಹುಡುಕಲು ಬಹಳ ಅನುಕೂಲ. ಗಾಡಿ ಹತ್ತು ನಿಮಿಷ ಸ್ಲೋದಲ್ಲಿ ಓಡಿದ ಮೇಲೆ ನಾಲ್ಕೂ ಪ್ಲಗ್ಗು ಬಿಚ್ಚಿ ಸಾಲಾಗಿ ಇಡಿ. 1, 2 ಸುಣ್ಣದ ಹಾಗೆ ಬಿಳಿಚಿ 3, 4 ಕಂದು ಬಣ್ಣದಲ್ಲಿದ್ದರೆ ಮುಂದಿನ ಬಾಯಿಯ ಪ್ಯಾಕಿಂಗಿನಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಬಿಳಿಚಿದ್ದರೆ ಸೋರಿಕೆ ಎರಡೂ ಬಾಯಿಗಳಿಗೆ ಸೇರಿದ ಜಾಗದಲ್ಲಿದೆ, ಅಂದರೆ ಕಾರ್ಬೊರೇಟರ್ ಬುಡ ಅಥವಾ ಬ್ರೇಕ್ ಬೂಸ್ಟರಿನ ಪೈಪು. ಕಾರ್ಬೊರೇಟರೇ ತೆಳು ಮಿಶ್ರಣ ಕೊಡುತ್ತಿರಬಹುದು, ಅದೂ ಒಂದು ಸಾಧ್ಯತೆ. ಒಂದೇ ಪ್ಲಗ್ಗು ಬೇರೆಯಾಗಿದ್ದರೆ ಆ ಸಿಲಿಂಡರಿನ ವಾಲ್ವನ್ನೋ ಪ್ಲಗ್ಗನ್ನೋ ನೋಡಿ, ಮ್ಯಾನಿಫೋಲ್ಡನ್ನು ಬಿಚ್ಚಬೇಡಿ.

ಈಗ ಸ್ಟಡ್ಡಿಗೆ ಬರೋಣ. ಬಿ-ಸೀರೀಸ್ ಮ್ಯಾನಿಫೋಲ್ಡಿನ ಸ್ಟಡ್ಡು 5/16 ಇಂಚಿನದು. ಗ್ಯಾರೇಜಿನ ಭಾಷೆಯಲ್ಲಿ ಎರಡೂವರೆ ಸೂತು, ಒಂದು ಸೂತು ಎಂದರೆ ಇಂಚಿನ ಎಂಟನೇ ಒಂದು ಭಾಗ. ವರ್ನಿಯರ್ ಹಿಡಿದು ನೋಡಿದರೆ ಹೊರವ್ಯಾಸ 7.94 ಮಿಲಿಮೀಟರ್. ಇಂದು ಎಲ್ಲೆಡೆ ಸಿಗುವ ಎಂ8 ಬೋಲ್ಟಿನದು 8 ಮಿಲಿಮೀಟರ್. ಎರಡನ್ನೂ ಅಂಗೈಯಲ್ಲಿಟ್ಟುಕೊಂಡರೆ ಬೇರೆ ಎಂದು ಹೇಳುವುದು ಕಷ್ಟ. ಮೋಸ ಆಗುವುದೇ ಇಲ್ಲಿ. ಎಂ8 ನಟ್ಟನ್ನು ಈ ಸ್ಟಡ್ಡಿಗೆ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಪಾನಾ ಹಾಕಿ ಒತ್ತಿದರೆ ಥ್ರೆಡ್ ಕಿತ್ತುಕೊಂಡು ಒಳಗೆ ಹೋಗುತ್ತದೆ. ಕೈಗೆ ಬಿಗಿ ಎನಿಸಿದರೂ ಹಿಡಿತ ಇರುವುದಿಲ್ಲ, ಎಂಜಿನ್ ನಾಲ್ಕು ಸಲ ಕಾದು ಆರಿದರೆ ಸಡಿಲ. ಎರಕದ ಹೆಡ್ಡಿನೊಳಗೆ ಹೀಗೆ ಮಾಡಿದರೆ ಹೆಡ್ಡೇ ಹಾಳು.

ಬೇರೆ ಮಾಡಿ ನೋಡುವುದಕ್ಕೆ ಪಿಚ್ ಗೇಜ್ ಬೇಕು, ಅದಕ್ಕೆ ಹೆಚ್ಚು ಖರ್ಚಿಲ್ಲ. ಅದು ಇಲ್ಲದಿದ್ದರೆ ಸ್ಟಡ್ಡಿನ ಪಕ್ಕ ಇಂಚು ಪಟ್ಟಿ ಇಟ್ಟು ಅರ್ಧ ಇಂಚಿನಲ್ಲಿ ಎಷ್ಟು ಥ್ರೆಡ್ ಇವೆ ಎಂದು ಎಣಿಸಿ. 12 ಇದ್ದರೆ ಯುಎನ್‌ಎಫ್, ಅಂದರೆ ಇಂಚಿಗೆ 24ರ ನಯ ಥ್ರೆಡ್. 9 ಇದ್ದರೆ ಯುಎನ್‌ಸಿ, ಇಂಚಿಗೆ 18ರ ಒರಟು ಥ್ರೆಡ್. 10ರ ಸುಮಾರಿಗೆ ಬಂದರೆ ಎಂ8. 11 ಬಂದರೆ ಅದು ಹಳೆಯ ಬ್ರಿಟಿಷ್ ಬಿಎಸ್‌ಎಫ್. ಒಂದೇ ಸ್ಟಡ್ಡಿನ ಎರಡು ತುದಿಯಲ್ಲಿ ಎರಡು ಬಗೆಯ ಥ್ರೆಡ್ ಇರಬಹುದು, ಗಾಬರಿ ಬೇಡ. ಬೀಡುಕಬ್ಬಿಣ ಬೇಗ ಉದುರುತ್ತದೆ ಎಂದು ಹೆಡ್ಡಿನೊಳಗೆ ಕೂರುವ ತುದಿಗೆ ಒರಟು ಥ್ರೆಡ್, ಬಿಗಿ ನಿಲ್ಲಲಿ ಎಂದು ನಟ್ಟು ಕೂರುವ ತುದಿಗೆ ನಯ ಥ್ರೆಡ್ ಕೊಡುವುದು ಎಂಜಿನ್ ಮಾಡುವವರ ರೂಢಿ. ಎರಡು ತುದಿಯನ್ನೂ ಬೇರೆ ಬೇರೆಯಾಗಿ ಅಳೆಯಿರಿ, ಪ್ರತಿ ಸ್ಟಡ್ಡನ್ನೂ ಅಳೆಯಿರಿ. ಇಷ್ಟು ವರ್ಷಗಳಲ್ಲಿ ಯಾವ ಗ್ಯಾರೇಜಿನಲ್ಲಿ ಯಾರು ಯಾವುದನ್ನು ಬದಲಿಸಿದ್ದಾರೋ ಬಲ್ಲವರಿಲ್ಲ.

ಪಾನಾ ಕೂಡ ಸುಳಿವು ಕೊಡುತ್ತದೆ. 5/16 ಯುಎನ್‌ಎಫ್ ನಟ್ಟಿಗೆ ಅರ್ಧ ಇಂಚಿನ ಪಾನಾ, ಅಂದರೆ 12.7 ಮಿಲಿಮೀಟರ್. ಎಂ8 ನಟ್ಟಿಗೆ 13ರ ಪಾನಾ. 13ರ ಪಾನಾ ಹಾಕಿದಾಗ ನಟ್ಟಿನ ಮೇಲೆ ತುಸು ಅಲ್ಲಾಡಿದರೆ ಅದು ಇಂಚಿನ ನಟ್ಟು. ಹಳೆಯ ಕೈಗಳಿಗೆ ಇದು ಸ್ಪರ್ಶದಲ್ಲೇ ತಿಳಿಯುತ್ತದೆ. ‘ಕಾಕಾ, ಹದಿಮೂರರ ಪಾನಾ ಕೊಡ್ಲೇನ್ರಿ?’ ಎಂದು ಕೇಳಿದ ಹುಡುಗನಿಗೆ ‘ಬ್ಯಾಡೋ ತಮ್ಮಾ, ಇದು ಸೂತಿನ ನಟ್ಟೈತಿ, ಅರ್ಧಾ ಇಂಚಿಂದು ತಾ’ ಎಂದು ಹೇಳುವ ಮಿಸ್ತ್ರಿ ನಿಮ್ಮೂರಿನಲ್ಲಿದ್ದರೆ ಗಾಡಿಯನ್ನು ಅವರ ಕೈಗೇ ಕೊಡಿ.

ಈ ಭಾಗದಲ್ಲಿ ಇಂಚಿನ ಕೆಲಸ ಬಲ್ಲವರು ಇರುವುದರಲ್ಲಿ ಆಶ್ಚರ್ಯವಿಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 19ನೇ ಶತಮಾನದ್ದು. ಇಂಚು, ಸೂತಿನ ಲೆಕ್ಕ ಅಂದಿನಿಂದಲೂ ಇಲ್ಲಿಯ ಫಿಟ್ಟರುಗಳಿಗೆ ಪರಿಚಿತ. ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿ ಇಟ್ಟು ಉದ್ಯಮಕ್ಕೆ ಇಳಿದದ್ದು ಬೆಳಗಾವಿಯಲ್ಲೇ. ಮುಂದೆ ಬೆಳಗಾವಿಯ ಉದ್ಯಮಬಾಗ, ಆಚೆ ಕೊಲ್ಹಾಪುರದ ಉದ್ಯಮನಗರ, ಎರಡೂ ಕಡೆ ಫೌಂಡ್ರಿ ಮತ್ತು ಲೇತುಗಳ ಊರೇ ಬೆಳೆಯಿತು. ಹುಕ್ಕೇರಿ, ಸಂಕೇಶ್ವರದವರಿಗೆ ಎರಡೂ ಹೈವೇಯ ಮೇಲೇ ಇವೆ. ಸ್ಟಡ್ಡು ಸಿಗದಿದ್ದರೆ ಕೊರಿಯರ್ ದಾರಿ ಕಾಯಬೇಕಾಗಿಲ್ಲ. ಇಎನ್-8 ಉಕ್ಕಿನ ಸರಳಿನಲ್ಲಿ ಲೇತಿನವರು ಮಾಡಿಕೊಡುತ್ತಾರೆ. ಅವರಿಗೆ ‘ಅಂಬಾಸಡರಿಂದು’ ಎಂದಷ್ಟೇ ಹೇಳದೆ ಒಂದು ಹಾಳೆಯಲ್ಲಿ ಬರೆದು ಕೊಡಿ: ಒಟ್ಟು ಉದ್ದ, ಹೆಡ್ಡಿನ ಕಡೆಯ ಥ್ರೆಡ್ ಯಾವುದು, ಎಷ್ಟು ಉದ್ದ, ನಡುವಿನ ಬೋಳು ಭಾಗ ಎಷ್ಟು, ನಟ್ಟಿನ ಕಡೆಯ ಥ್ರೆಡ್ ಯಾವುದು, ಎಷ್ಟು ಉದ್ದ. ಜೊತೆಗೆ ಸರಿಯಾದ ಹಳೆಯ ಸ್ಟಡ್ಡೊಂದನ್ನು ಮಾದರಿಗೆ ಕೊಡಿ. ಹೆಡ್ಡಿನ ರಂಧ್ರದ ಥ್ರೆಡ್ ಸವೆದಿದ್ದರೆ ಹೆಲಿಕಾಯಿಲ್ ಕೂರಿಸಬಹುದು. ಇಲ್ಲವೇ ಒಳತುದಿ ಒಂದು ಅಳತೆ ದಪ್ಪಗಿರುವ, ಹೊರತುದಿ ಮೊದಲಿನಂತೆಯೇ ಇರುವ ಮೆಟ್ಟಿಲು ಸ್ಟಡ್ಡು ಮಾಡಿಸಬಹುದು. ನಟ್ಟು ಹಿತ್ತಾಳೆಯದಾದರೆ ಒಳ್ಳೆಯದು. ಎಕ್ಸಾಸ್ಟಿನ ಕಾವಿಗೆ ಉಕ್ಕಿನ ನಟ್ಟು ತುಕ್ಕು ಹಿಡಿದು ಸ್ಟಡ್ಡಿಗೇ ಅಂಟಿಕೊಳ್ಳುತ್ತದೆ, ಮುಂದಿನ ಸಲ ಬಿಚ್ಚುವಾಗ ಸ್ಟಡ್ಡೇ ಮುರಿಯುತ್ತದೆ.

ಥ್ರೆಡ್ಡಿಗಿಂತ ಹೆಚ್ಚು ಜನ ಎಡವುವ ಜಾಗ ಫ್ಲ್ಯಾಂಜಿನ ದಪ್ಪ. ಬಿ-ಸೀರೀಸಿನಲ್ಲಿ ಇನ್‌ಟೇಕಿಗೂ ಎಕ್ಸಾಸ್ಟಿಗೂ ಕೆಲವು ಸ್ಟಡ್ಡುಗಳು ಸಮಾನ. ಎರಡು ಮ್ಯಾನಿಫೋಲ್ಡುಗಳ ಅಂಚು ಪಕ್ಕಪಕ್ಕ ಬಂದು ನಿಲ್ಲುತ್ತವೆ, ನಡುವೆ ಸ್ಟಡ್ಡು, ಅದರ ಮೇಲೆ ಒಂದು ದಪ್ಪ ಅಗಲ ವಾಶರ್. ಅರ್ಧ ವಾಶರ್ ಇನ್‌ಟೇಕಿನ ಮೇಲೆ, ಅರ್ಧ ಎಕ್ಸಾಸ್ಟಿನ ಮೇಲೆ ಕೂತು ಒಂದೇ ನಟ್ಟು ಎರಡನ್ನೂ ಒತ್ತಬೇಕು. ಎರಡರ ದಪ್ಪ ಒಂದೇ ಇದ್ದರೆ ಮಾತ್ರ ಇದು ನಡೆಯುತ್ತದೆ. ಸೊಟ್ಟಗಾಗಿದೆ ಎಂದು ಯಾರೋ ಒಮ್ಮೆ ಇನ್‌ಟೇಕನ್ನು ಮಾತ್ರ ಗ್ರೈಂಡಿಂಗ್ ಮಾಡಿಸಿರುತ್ತಾರೆ. ಅರ್ಧ ಮಿಲಿಮೀಟರ್ ತೆಳುವಾಯಿತು ಎನ್ನಿ. ಈಗ ವಾಶರ್ ಎಕ್ಸಾಸ್ಟಿನ ಮೇಲೆ ಕೂತು ವಾಲಿಕೊಳ್ಳುತ್ತದೆ, ಇನ್‌ಟೇಕಿನ ಮೇಲೆ ಒತ್ತಡವೇ ಬೀಳುವುದಿಲ್ಲ. ನಟ್ಟು ಎಷ್ಟು ಬಿಗಿದರೂ ಗಾಳಿ ಎಳೆಯುವುದು ನಿಲ್ಲದು. ಇನ್ನಷ್ಟು ಬಿಗಿದರೆ ಫ್ಲ್ಯಾಂಜಿನ ಕಿವಿ ಮುರಿಯುತ್ತದೆ. ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಬದಲಿಸುತ್ತಾ ಕೂತವರು ಹೆಚ್ಚಾಗಿ ಇದನ್ನು ಅಳೆದೇ ಇರುವುದಿಲ್ಲ.

ಅಳೆಯುವುದು ಸುಲಭ. ಪ್ರತಿ ಸ್ಟಡ್ಡಿನ ಜಾಗದಲ್ಲೂ ಎರಡು ಫ್ಲ್ಯಾಂಜುಗಳ ದಪ್ಪವನ್ನು ವರ್ನಿಯರಿನಲ್ಲಿ ಹಿಡಿದು ಬರೆದುಕೊಳ್ಳಿ. ವ್ಯತ್ಯಾಸವಿದ್ದರೆ ದಪ್ಪಗಿರುವುದರ ಹೊರಮುಖವನ್ನು ವಾಶರ್ ಕೂರುವಷ್ಟು ಜಾಗದಲ್ಲಿ ಮಾತ್ರ ತೆಳು ಮಾಡಿಸಿ. ಅದು ಆಗದಿದ್ದರೆ ಒಂದು ಮಗ್ಗುಲು ಎತ್ತರ, ಇನ್ನೊಂದು ಮಗ್ಗುಲು ತಗ್ಗಾಗಿರುವ ಮೆಟ್ಟಿಲು ವಾಶರ್ ಮಾಡಿಸಿ. ಗಟ್ಟಿ ಅಗಲ ವಾಶರಿನ ಬದಲು ಅಂಗಡಿಯ ತೆಳು ವಾಶರ್ ಹಾಕಬೇಡಿ, ಅದು ನಡುವೆ ಬಟ್ಟಲಿನ ಹಾಗೆ ಕುಸಿಯುತ್ತದೆ.

ಮುಖ ಸಮವಿದೆಯೇ ಎಂದು ನೋಡಲು ಉಕ್ಕಿನ ನೇರ ಪಟ್ಟಿ ಮತ್ತು ಫೀಲರ್ ಗೇಜ್ ಸಾಕು. ಪಟ್ಟಿಯ ಕೆಳಗೆ 0.1 ಮಿಲಿಮೀಟರಿನ ಎಲೆ ತೂರಿದರೆ ಗ್ರೈಂಡಿಂಗಿಗೆ ಕೊಡಿ. ಆಗ ಎರಡು ಮ್ಯಾನಿಫೋಲ್ಡುಗಳನ್ನೂ ಒಂದಕ್ಕೊಂದು ಬೋಲ್ಟು ಹಾಕಿ ಜೋಡಿಸಿ, ಒಂದೇ ತುಂಡಾಗಿ ಮಾಡಿಸಬೇಕು. ಬೇರೆ ಬೇರೆ ಮಾಡಿಸಿದರೆ ಈಗ ಹೇಳಿದ ತೊಂದರೆ ಮತ್ತೆ ಬಂದು ಕೂರುತ್ತದೆ. ಮ್ಯಾನಿಫೋಲ್ಡ್ ಯಾವ ಲೋಹದ್ದೆಂದು ಸಂದೇಹ ಬಂದರೆ ಒಂದು ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಬೀಡು, ಅಂಟದಿದ್ದರೆ ಅಲ್ಯೂಮಿನಿಯಂ. ಸೀಳಿದ ಅಲ್ಯೂಮಿನಿಯಂಗೆ ಆರ್ಗನ್ ವೆಲ್ಡಿಂಗ್. ಬೀಡಿಗೆ ನಿಕ್ಕಲ್ ರಾಡಿನ ವೆಲ್ಡಿಂಗ್ ಅಥವಾ ಹಿತ್ತಾಳೆಯ ಬ್ರೇಜಿಂಗ್. ಯಾವುದನ್ನು ಮಾಡಿದರೂ ಆಮೇಲೆ ಮುಖ ಸೊಟ್ಟಗಾಗಿಯೇ ಇರುತ್ತದೆ, ಆದ್ದರಿಂದ ಮೊದಲು ವೆಲ್ಡಿಂಗ್, ನಂತರ ಗ್ರೈಂಡಿಂಗ್.

ಪ್ಯಾಕಿಂಗನ್ನು ಅಂಗಡಿಯಲ್ಲಿ ಕೊಳ್ಳುವಾಗ ಹಳೆಯದರ ಮೇಲಿಟ್ಟು ನೋಡಿದರೆ ಸಾಲದು, ಹೆಡ್ಡಿನ ಬಾಯಿಯ ಮೇಲಿಟ್ಟು ನೋಡಿ. ಪ್ಯಾಕಿಂಗಿನ ಅಂಚು ಬಾಯಿಯೊಳಗೆ ಚಾಚಿರಬಾರದು. ಬ್ರಿಟನ್ನಿನಲ್ಲಿ ಮೋರಿಸ್ ಆಕ್ಸ್‌ಫರ್ಡ್ ಮತ್ತು ಎಂಜಿಎ ಕಾರುಗಳಿಗೂ ಇದೇ ಬಿ-ಸೀರೀಸ್ ಮನೆತನದ ಎಂಜಿನ್ ಇತ್ತು. ಆ ಕಾರುಗಳ ಅಭಿಮಾನಿಗಳು ಇರುವುದರಿಂದ ಅಲ್ಲಿ ಇಂದಿಗೂ ಹೊಸ ಪ್ಯಾಕಿಂಗ್, ಸ್ಟಡ್ಡು, ವಾಶರ್ ತಯಾರಾಗುತ್ತವೆ. ನಮ್ಮಲ್ಲಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಕೋಲ್ಕತಾದ ಮಲ್ಲಿಕ್ ಬಜಾರ್, ದೆಹಲಿಯ ಕಾಶ್ಮೀರಿ ಗೇಟ್‌ಗಳಲ್ಲಿ ಹುಡುಕಬಹುದು. ಹತ್ತಿರದ ಗುಜರಿ ಅಂಗಡಿಗಳನ್ನೂ ಮರೆಯಬೇಡಿ. ಡೀಸೆಲ್ಲಿಗೆ ಬದಲಾದ ಗಾಡಿಗಳ ಪೆಟ್ರೋಲ್ ಮ್ಯಾನಿಫೋಲ್ಡುಗಳು ಬಂದು ಬೀಳುವುದು ಅಲ್ಲಿಗೇ. ಹಳೆಯ ಪ್ಯಾಕಿಂಗ್ ಕೆರೆದು ತೆಗೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿ, ಸೂಕ್ಷ್ಮ ದೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ (ಬರೀ ಬಟ್ಟೆ ಸಾಲದು), ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಆ ಕಾಲದ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ಸಿಲಿಕಾನ್ ಗಮ್ಮು ಸವರಿ ಕೂರಿಸುವುದೂ ಬೇಡ. ಪೆಟ್ರೋಲ್ ತಾಗಿದ ಸಿಲಿಕಾನ್ ಉಬ್ಬಿ ಮೆತ್ತಗಾಗುತ್ತದೆ, ತುಣುಕು ಕಿತ್ತು ಎಂಜಿನ್ನಿನೊಳಗೆ ಹೋಗುತ್ತದೆ.

ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಕಾವು ತಡೆಯುವ ದಪ್ಪ ಫೈಬರ್ ತುಂಡು ಇರುತ್ತದೆ. ಅದು ಕಳೆದುಹೋಗಿದ್ದರೆ ಹೈಲಮ್ ಹಾಳೆಯಲ್ಲಿ ಕೊರೆಸಿಕೊಳ್ಳಬಹುದು. ಕೆಳಗೇ ಎಕ್ಸಾಸ್ಟ್ ಇರುವ ಈ ಎಂಜಿನ್ನಿನಲ್ಲಿ ಆ ತುಂಡಿಲ್ಲದಿದ್ದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಬಟ್ಟಲಿನ ಪೆಟ್ರೋಲ್ ಕುದಿಯುತ್ತದೆ.

ಉಳಿದದ್ದು ಮ್ಯಾನಿಫೋಲ್ಡಿಗೆ ಕಚ್ಚುವ ಸಣ್ಣ ಹಿತ್ತಾಳೆ ಫಿಟ್ಟಿಂಗುಗಳು: ಬ್ರೇಕ್ ಬೂಸ್ಟರಿನದು, ಗೇಜಿನದು, ಖಾಲಿ ರಂಧ್ರ ಮುಚ್ಚುವ ಪ್ಲಗ್ಗು. ಇವು ಪೈಪು ಥ್ರೆಡ್ಡಿನವು. ಬ್ರಿಟಿಷ್ ಎಂಜಿನ್ನಿನಲ್ಲಿ ಬಿಎಸ್‌ಪಿ, ಅಮೆರಿಕನ್ ಮೂಲದ ಜೀಪಿನಲ್ಲಿ ಎನ್‌ಪಿಟಿ. ಒಂದು ಸೂತಿನ ಬಿಎಸ್‌ಪಿಗೆ ಇಂಚಿಗೆ 28 ಥ್ರೆಡ್, ಕೋನ 55 ಡಿಗ್ರಿ. ಅದೇ ಹೆಸರಿನ ಎನ್‌ಪಿಟಿಗೆ 27 ಥ್ರೆಡ್, ಕೋನ 60 ಡಿಗ್ರಿ. ಎರಡು ಸೂತಿನದರಲ್ಲಿ 19 ಮತ್ತು 18. ಇಷ್ಟು ಹತ್ತಿರವಿರುವುದರಿಂದ ತಪ್ಪು ಫಿಟ್ಟಿಂಗೂ ನಾಲ್ಕು ಸುತ್ತು ಹೋಗುತ್ತದೆ, ಟೆಫ್ಲಾನ್ ಟೇಪು ಸುತ್ತಿದರೆ ಬಿಗಿಯೂ ಆಗುತ್ತದೆ. ಆದರೆ ಸೋರುತ್ತದೆ, ಅಲ್ಯೂಮಿನಿಯಂ ಇದ್ದರೆ ರಂಧ್ರವನ್ನೇ ಸೀಳುತ್ತದೆ. ಹೆಸರಿಗೆ ಒಂದು ಸೂತು ಎಂದರೂ ಅದು ಪೈಪಿನ ಒಳವ್ಯಾಸದ ಲೆಕ್ಕ, ಥ್ರೆಡ್ಡಿನ ಹೊರವ್ಯಾಸ ಬಿಎಸ್‌ಪಿಯಲ್ಲಿ 9.7 ಮಿಲಿಮೀಟರ್ ಬರುತ್ತದೆ. ಇದನ್ನು ಎಂ10 ಎಂದುಕೊಂಡು ತರುವವರೂ ಇದ್ದಾರೆ. ಬ್ಯಾಂಜೊ ಬೋಲ್ಟಿದ್ದರೆ ಅದರ ತಾಮ್ರದ ವಾಶರುಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಗಟ್ಟಿಯಾದ ತಾಮ್ರ ಮತ್ತೆ ಮೆದುವಾಗಿ ಚೆನ್ನಾಗಿ ಕೂರುತ್ತದೆ.

ಬೂಸ್ಟರಿನ ಪೈಪಿನ ವಿಷಯದಲ್ಲಿ ಉಳಿತಾಯ ಬೇಡ. ನೀರಿನ ರಬ್ಬರ್ ಪೈಪು ಹಾಕಿದರೆ ಎಳೆತಕ್ಕೆ ಚಪ್ಪಟೆಯಾಗಿ ಬ್ರೇಕ್ ಕಲ್ಲಿನಂತಾಗುತ್ತದೆ. ಎಂಜಿನ್ ಆಫ್ ಮಾಡಿದ ಮೇಲೂ ಒಂದೆರಡು ಸಲ ಬ್ರೇಕ್ ಮೆದುವಾಗಿ ಒತ್ತಲು ಬರಬೇಕು. ಬಾರದಿದ್ದರೆ ಒಮ್ಮುಖ ವಾಲ್ವು ಹೋಗಿದೆ. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪು ಮೊದಲು ಕಾರ್ಬೊರೇಟರಿನಿಂದ ಹೊರಟಿದ್ದರೆ ಅದನ್ನು ಮ್ಯಾನಿಫೋಲ್ಡಿಗೆ ಸೇರಿಸಬೇಡಿ. ಕಾರ್ಬೊರೇಟರಿನ ಆ ರಂಧ್ರ ಸ್ಲೋದಲ್ಲಿ ಎಳೆಯುವುದಿಲ್ಲ, ಮ್ಯಾನಿಫೋಲ್ಡ್ ಎಳೆಯುತ್ತದೆ, ಟೈಮಿಂಗ್ ಪೂರ್ತಿ ಏರುಪೇರಾಗುತ್ತದೆ.

ಸೋರಿಕೆ ಎಲ್ಲಿದೆ ಎಂದು ಹುಡುಕಲು ಕೆಲವರು ಬ್ರಷ್ಷಿನಲ್ಲಿ ಪೆಟ್ರೋಲ್ ಅದ್ದಿ ಕೀಲುಗಳಿಗೆ ಹಚ್ಚುತ್ತಾರೆ. ದಯವಿಟ್ಟು ಮಾಡಬೇಡಿ. ಅಂಬಾಸಡರಿನಲ್ಲಿ ಅದರ ಕೆಳಗೇ ಕಾದ ಎಕ್ಸಾಸ್ಟ್ ಇದೆ, ಬೆಂಕಿ ಹತ್ತಲು ಒಂದು ಹನಿ ಸಾಕು. ಬದಲಿಗೆ ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಯ ಬಳಿ ಇಟ್ಟುಕೊಂಡು ಇನ್ನೊಂದು ತುದಿಯನ್ನು ಕೀಲಿನುದ್ದಕ್ಕೂ ಓಡಿಸಿ, ಫ್ಯಾನಿನಿಂದ ದೂರ. ಸೀಳಿರುವಲ್ಲಿ ಸುಂಯ್ ಎಂಬ ಸದ್ದು ಸ್ಪಷ್ಟ ಕೇಳುತ್ತದೆ. ಅಲ್ಲಿ ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚಿದರೆ ನೊರೆ ಒಳಗೆ ಎಳೆಯಲ್ಪಟ್ಟು ಕ್ಷಣಹೊತ್ತು ಎಂಜಿನ್ನಿನ ಸದ್ದು ಬದಲಾಗುತ್ತದೆ. ಬೂಸ್ಟರ್ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿದಾಗ ಸ್ಲೋ ಸರಿಹೋದರೆ ಮ್ಯಾನಿಫೋಲ್ಡ್ ನಿರ್ದೋಷಿ.

ಮರಳಿ ಜೋಡಿಸುವಾಗ ಎರಡು ಮ್ಯಾನಿಫೋಲ್ಡುಗಳನ್ನು ಪರಸ್ಪರ ಹಿಡಿದಿಡುವ ನಟ್ಟುಗಳನ್ನು ಸಡಿಲ ಬಿಟ್ಟಿರಿ. ಹೆಡ್ಡಿನ ಕಡೆಯ ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ನಡುವಿನಿಂದ ಎರಡೂ ತುದಿಗಳ ಕಡೆಗೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಕೊನೆಯ ಬಿಗಿ ಸುಮಾರು 15 ಪೌಂಡ್-ಅಡಿ, ಅಂದರೆ 20 ನ್ಯೂಟನ್-ಮೀಟರ್. ಮೊಳಕೈ ಜೋರು ಬೇಕಿಲ್ಲ. ಪರಸ್ಪರ ಹಿಡಿಯುವ ನಟ್ಟುಗಳು ಕೊನೆಗೆ. ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಪಾನಾ ಇಡಿ, ಒಂದಷ್ಟು ತಿರುಗೇ ತಿರುಗುತ್ತವೆ.

ಇದೆಲ್ಲ ಆದಮೇಲೂ ಎಂಜಿನ್ ತುಸು ತೆಳುವಾಗಿ ಓಡುತ್ತಿದ್ದರೆ ಕಾರಣ ಪೆಟ್ರೋಲಿನಲ್ಲೇ ಇರಬಹುದು. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್, ಆ ಎಥೆನಾಲ್ ನಮ್ಮ ಭಾಗದ ಕಬ್ಬಿನಂಥ ಬೆಳೆಗಳಿಂದಲೇ ಬರುವಂಥದ್ದು. ಒಂದು ಕಿಲೋ ಬರೀ ಪೆಟ್ರೋಲ್ ಸುಡಲು 14.7 ಕಿಲೋ ಗಾಳಿ ಬೇಕು. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ 13.5 ಕಿಲೋ ಸಾಕು. 1960ರ ದಶಕದ ಕಾರ್ಬೊರೇಟರಿಗೆ ಇದು ಗೊತ್ತಾಗುವುದಿಲ್ಲ, ಅದು ಹಳೆಯ ಲೆಕ್ಕದಲ್ಲೇ ಗಾಳಿ ಕೊಡುತ್ತದೆ. ಎಸ್‌ಯು ಕಾರ್ಬೊರೇಟರಿದ್ದರೆ ಎಂಜಿನ್ ಕಾದಿರುವಾಗ ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡಿ. ಎಂಜಿನ್ ಆರಿದರೆ ತೆಳು, ಅಡಿಯ ಜೆಟ್ ನಟ್ಟನ್ನು ಒಂದು ಮುಖದಷ್ಟು ಕೆಳಗಿಳಿಸಿ ಮತ್ತೆ ನೋಡಿ. ವೇಗ ಏರಿ ಏರಿದಲ್ಲೇ ನಿಂತರೆ ದಪ್ಪ, ತುಸು ಏರಿ ಮೊದಲಿನಂತಾದರೆ ಸರಿ. ಹಳೆಯ ರಬ್ಬರ್ ಪೈಪುಗಳನ್ನೂ ಎಥೆನಾಲ್ ತಡೆಯುವ ಹೊಸ ಬಗೆಗೆ ಬದಲಿಸಿ, ಹಳೆಯ ರಬ್ಬರ್ ಇದಕ್ಕೆ ಉಬ್ಬಿ ಬಿರಿಯುತ್ತದೆ.

ಐವತ್ತು ವರ್ಷ ದಾಟಿದ ಗಾಡಿ ಇದ್ದವರಿಗೆ ಇನ್ನೊಂದು ವಿಷಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಮಾಡಿದೆ. ನಂಬರಿನಲ್ಲಿ ‘ವಿಎ’ ಅಕ್ಷರ ಇರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಆ ಗಾಡಿಯನ್ನು ಬಳಸುವಂತಿಲ್ಲ, ಮೂಲ ರೂಪದಲ್ಲೇ ಉಳಿಸಿರಬೇಕು. ಆ ದಾರಿ ಹಿಡಿಯುವ ಯೋಚನೆ ಇದ್ದರೆ ಬಿಚ್ಚಿದ ಮೂಲ ಮ್ಯಾನಿಫೋಲ್ಡ್, ವಾಶರ್, ಹಿತ್ತಾಳೆ ಫಿಟ್ಟಿಂಗುಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ, ಯಾವುದು ಎಲ್ಲಿಯದೆಂದು ಚೀಟಿ ಕಟ್ಟಿ ಇಡಿ. ರಿಪೇರಿಗೆ ಬರುವಂಥದ್ದಾದರೆ ಅದನ್ನೇ ಮಾಡಿಸಿ ಹಾಕಿ, ಬಾರದಿದ್ದರೆ ಲೇತಿನವರ ಕೈಗೆ ಮಾದರಿಯಾಗಿಯಾದರೂ ಬೇಕಾಗುತ್ತದೆ.